ಲೋಡರಿನ ಸಾಲ, ಆಳಿನ ಸಾಲ

ಮಾಗಡಿ ಸೀಮೆಯ ಕೆಂಪಾಪುರದಲ್ಲಿ 2015ರಲ್ಲಿ ಕೆಂಪೇಗೌಡರ ಸಮಾಧಿ ಬೆಳಕಿಗೆ ಬಂತು. ಪಾಳೆಯಗಾರರ ಚರಿತ್ರೆಗೆ ಕಲ್ಲೇ ಸಾಕ್ಷಿ. ಕಲ್ಲು ಒಡೆದೋರ ಚರಿತ್ರೆ ಬೇಕಾದರೆ ನಾವು ಓದಬೇಕಾದ್ದು ಸಾಲದ ಲೆಕ್ಕ.

ಕ್ವಾರಿಯಲ್ಲಿ ದೊಡ್ಡ ಲೋಡರಿಗೂ ಸಾಲ, ಆಳಿಗೂ ಸಾಲ. ಧಣಿ ಒಂದಿಷ್ಟು ಕೈಯಿಂದ ಕಟ್ಟಿ, ಮಿಕ್ಕಿದ್ದನ್ನು ಬ್ಯಾಂಕಿನ ಕಂತಿಗೆ ಹಾಕ್ತಾನೆ. ಲೋಡರೇ ಅಡಮಾನ. ಕಂತು ತಪ್ಪಿದರೆ ಗಾಡಿ ಎಳಕೊಂಡು ಹೋಗ್ತಾರೆ, ಧಣಿಯನ್ನಲ್ಲ! ಜೀತದ ಮುಂಗಡಕ್ಕೆ ಮಾತ್ರ ಆಳಿನ ಮೈಯೇ ಅಡಮಾನ. ಅಪ್ಪ ಬಿದ್ದರೆ ಮಗ ಸುತ್ತಿಗೆ ಹಿಡೀಬೇಕು.

ಇಂಥ ಸಾಲ ತೀರಿಸಬೇಕಾಗಿಯೇ ಇಲ್ಲ ಎಂದದ್ದು 1976ರ ಜೀತವಿಮುಕ್ತಿ ಕಾಯ್ದೆ. ದೂರದ ಫರೀದಾಬಾದಿನ ಕಲ್ಲುಗಣಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1983ರಲ್ಲಿ ಇನ್ನೊಂದು ಮಾತು ಸೇರಿಸಿತು: ಬಲವಂತದ ದುಡಿಮೆ ಕಂಡರೆ ಹಿಂದೆ ಮುಂಗಡ ಇದೆಯೆಂದೇ ತಿಳೀಬೇಕು, ಇಲ್ಲವೆಂದು ತೋರಿಸೋದು ಧಣಿಯ ಹೊಣೆ. ಚೀಟಿ ಇಲ್ಲದ ಆಳೂ ಉಪವಿಭಾಗದ ಜಾಗೃತಿ ಸಮಿತಿಯ ಮುಂದೆ ನಿಲ್ಲಬಹುದು.