ಮತ್ತೆ ಎದ್ದು ನಿಂತ ಮಾತು

ಪುನರುತ್ಥಾನ

ಈಸ್ಟರ್ ಹತ್ತಿರವಾದಾಗ ಇದನ್ನು ಕೆಲವರು ‘ಪುನರ್ಜನ್ಮ’ ಎಂದು ಬರೆದುಬಿಡುತ್ತಾರೆ. ಹಾಗೆ ಬರೆಯಬಾರದು. ಪುನರ್ಜನ್ಮದಲ್ಲಿ ಜೀವಕ್ಕೆ ಬೇರೊಂದು ಹುಟ್ಟು. ಪುನರುತ್ಥಾನದಲ್ಲಿ ಸತ್ತವರೇ ಸಾವಿಲ್ಲದ ದೇಹದಲ್ಲಿ ಏಳುತ್ತಾರೆ. ಮಣ್ಣು ಮಾಡಿ ಬಂದ ತಾಯಿಯನ್ನು, ಮಗುವನ್ನು ಮತ್ತೆ ಕಾಣುತ್ತೇವೆಂಬ ಕ್ರೈಸ್ತರ ಭರವಸೆಯೆಲ್ಲ ಈ ವ್ಯತ್ಯಾಸದಲ್ಲಿದೆ.

‘ಪುನರ್’ ಎಂದರೆ ಮತ್ತೆ, ‘ಉತ್’ ಮೇಲಕ್ಕೆ, ‘ಸ್ಥಾ’ ನಿಲ್ಲು. ತುಳಸಿ ಹಬ್ಬದ ಉತ್ಥಾನ ದ್ವಾದಶಿಯಲ್ಲಿ ವಿಷ್ಣು ನಿದ್ದೆಯಿಂದ ಏಳುತ್ತಾನೆ. ಅಲ್ಲಿರುವುದೂ ಇದೇ ‘ಉತ್ಥಾನ’. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಅನಾಸ್ತಾಸಿಸ್’. ಅದರ ಧಾತುವೂ ‘ಸ್ಥಾ’ದ ಒಡಹುಟ್ಟು, ಅರ್ಥವೂ ಎದ್ದು ನಿಲ್ಲುವುದೇ. ಈಸ್ಟರ್‌ಗೆ ಕನ್ನಡ ಕಥೋಲಿಕರು ಹೇಳುವ ‘ಪಾಸ್ಕ’ ಎಂಬ ಹೆಸರು ಮಾತ್ರ ಹೀಬ್ರೂವಿನ ‘ಪೆಸಹ’ದಿಂದ ಬಂದದ್ದು.

ಪುಣೆಯ ಮರಾಠಿ ಕ್ರೈಸ್ತರೂ ‘ಪುನರುತ್ಥಾನ’ ಎಂದೇ ಹೇಳುತ್ತಾರೆ. ಅಲ್ಲಿ ಈ ಪದ ಕೇಳಿದಾಗಲೆಲ್ಲ ನನಗೆ ನೆನಪಾಗುವವರು ಪಂಡಿತಾ ರಮಾಬಾಯಿ. 1858ರಲ್ಲಿ ಕನ್ನಡ ನಾಡಿನಲ್ಲಿ ಹುಟ್ಟಿದ ಆ ಸಂಸ್ಕೃತ ವಿದುಷಿ ಪುಣೆ ಜಿಲ್ಲೆಯ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ವಿಧವೆಯರನ್ನೂ ಬರಗಾಲದಲ್ಲಿ ನಿರ್ಗತಿಕರಾದ ಹೆಣ್ಣುಮಕ್ಕಳನ್ನೂ ಸಾಕಿದರು. ಗ್ರೀಕ್, ಹೀಬ್ರೂ ಕಲಿತು, 1922ರಲ್ಲಿ ತೀರಿಕೊಳ್ಳುವವರೆಗೂ ಬೈಬಲನ್ನು ಸರಳ ಮರಾಠಿಗೆ ತರುವ ಕೆಲಸದಲ್ಲಿದ್ದರು.