ಎಲಿ ಇಲ್ಲದ್ದ ದ್ವೀಪ

ಆಕ್ಲೆಂಡ್ ಹೇಳ್ತ ಪೇಟೆ ಇಪ್ಪದೇ ಅಗ್ನಿಪರ್ವತಂಗಳ ಮೇಲೆ. ಒಂದೆರಡಲ್ಲ, 50ಕ್ಕಿಂತ ಜಾಸ್ತಿ ಇದ್ದು. ಮಕ್ಕಳ ಶಾಲೆಯ ಹಿಂದೆ ಒಂದು, ತರಕಾರಿ ತಪ್ಪಲೆ ಹೋಪ ದಾರಿಲಿ ಒಂದು. ಹೆಚ್ಚಿನದ್ದೂ ಈಗ ಹುಲ್ಲು ಬೆಳದ ಗುಡ್ಡೆಗೊ. ಹತ್ತಿ ನೋಡಿರೆ ನೆಡುಕೆ ಒಂದು ದೊಡ್ಡ ಹೊಂಡ, ಕೆಲವು ದಿಕ್ಕೆ ದನಗೊ ಮೇದೊಂಡಿಕ್ಕು. "ಅಲ್ಲಿ ಬೆಂಕಿಗುಡ್ಡೆ ಇದ್ದಡ ಅಲ್ಲದಾ, ಹೆದರಿಕೆ ಆವುತ್ತಿಲ್ಲೆಯಾ?" ಹೇಳಿ ಊರಿಂದ ಫೋನಿಲಿ ಕೇಳ್ತವು. ಹೆದರುಲೆ ಪುರುಸೊತ್ತು ಬೇಕನ್ನೆ!

ಆದರೆ ಒಂದು ಗುಡ್ಡೆ ಮಾತ್ರ ಬೇರೆ ತರ. ಕಡಲ ಕರೆಲಿ ನಿಂದರೆ ಎದುರೇ ಕಾಂಬ ರಂಗಿಟೋಟೋ ದ್ವೀಪ. ದೋಸೆ ಕಾವಲಿಗೆಯ ಮುಚ್ಚಲು ನೀರ ಮೇಲೆ ಕವುಂಚಿ ಮಡುಗಿದ ಹಾಂಗೆ, ಯಾವ ಹೊಡೆಂದ ನೋಡಿರೂ ಒಂದೇ ರೂಪ. ಎತ್ತರ ಸುಮಾರು 260 ಮೀಟರ್. ಇಲ್ಲಿಯ ಅಗ್ನಿಪರ್ವತಂಗಳಲ್ಲಿ ಎಲ್ಲದಕ್ಕಿಂತ ದೊಡ್ಡದೂ ಅದುವೇ, ಎಲ್ಲದಕ್ಕಿಂತ ಸಣ್ಣ ಪ್ರಾಯದ್ದೂ ಅದುವೇ. ಕಡಲಿಂದ ಮೇಲೆ ಎದ್ದದು ಬರೇ 600 ವರ್ಷ ಹಿಂದೆ. ನಮ್ಮ ಮಲ್ಪೆಯ ಹತ್ತರಣ ಸೈಂಟ್ ಮೇರೀಸ್ ದ್ವೀಪದ ಕಂಬದ ಹಾಂಗಿಪ್ಪ ಕಲ್ಲುಗಳೂ ಬೆಂಕಿಗುಡ್ಡೆಯ ಕಲ್ಲುಗಳೇ, ಆದರೆ ಅದು ಮಡಗಾಸ್ಕರ್ ನಮ್ಮಂದ ಬೇರೆ ಆದ ಕಾಲದ್ದು, 8 ಕೋಟಿ ವರ್ಷಕ್ಕಿಂತ ಹಳತ್ತು. ಅದರ ಎದುರು ರಂಗಿಟೋಟೋ ಹೇಳಿರೆ ನಿನ್ನೆ ಹುಟ್ಟಿದ ಬಾಬೆ.

ಈ ಬಾಬೆ ಹುಟ್ಟುದರ ಕಂಡ ಜನ ಇತ್ತಿದ್ದವು. ಒತ್ತಿಲಿಪ್ಪ ಮೋಟುಟಾಪು ದ್ವೀಪಲ್ಲಿ ಮಾವೋರಿ ಜನಂಗೊ ವಾಸ ಇತ್ತಿದ್ದವು. ಬೂದಿ ಬಿದ್ದು ಅವರ ಬಿಡಾರ ಮುಚ್ಚಿತ್ತು. ಬೂದಿ ಇನ್ನೂ ಚೆಂಡಿ ಇಪ್ಪಗಳೇ ಅವು ಅದರ ಮೇಲೆ ನಡದ್ದವು; ಅದರ ಮೇಲೆ ಮತ್ತೊಂದರಿ ಬೂದಿ ಬಿದ್ದು ಹೆಜ್ಜೆಗೊ ಹಾಂಗೇ ಒಳುದತ್ತು. ಮನುಷ್ಯರ ಹೆಜ್ಜೆಯ ಒಟ್ಟಿಂಗೆ ನಾಯಿಯ ಹೆಜ್ಜೆಯೂ ಇದ್ದು. ಅವರ ಭಾಷೆಲಿ ನಾಯಿಗೆ 'ಕುರೀ' ಹೇಳ್ತವು. ಇದರ ಕೇಳಿ ಎಂಗಳ ಮಾಣಿಗೆ ನೆಗೆ ತಡವಲೆ ಎಡಿಗಾಯಿದಿಲ್ಲೆ. ಎನಗೆ ಆಶ್ಚರ್ಯ ಆದ್ದು ಬೇರೆ: ಅಷ್ಟಪ್ಪಗಳೂ ಆ ಜನ ಜಾಗೆ ಬಿಟ್ಟು ಹೋದ್ದಿಲ್ಲೆ. ಬೂದಿ ಬಿದ್ದ ಮಣ್ಣು ಕೃಷಿಗೆ ಒಳ್ಳೆದು ಹೇಳಿ ಕಂಡು ಅಲ್ಲೇ ತೋಟ ಮಾಡಿದವು.

ರಂಗಿಟೋಟೋ ಹೇಳಿರೆ ಕೆಂಪು ಆಕಾಶ ಹೇಳಿ ಕೆಲವು ಜನ ಅರ್ಥ ಹೇಳ್ತವು. ಅದು ಸರಿ ಅಲ್ಲ. ಟೆ ಆರವಾ ದೋಣಿಯ ಮುಖ್ಯಸ್ಥ ಟಾಮಾ-ಟೆ-ಕಾಪುವಾನ ನೆತ್ತರು ಬಿದ್ದ ದಿನ ಹೇಳ್ತ ಉದ್ದ ಹೆಸರು ಗಿಡ್ಡ ಆದ್ದು. ಬೆಂಕಿಯ ಹೆಸರಲ್ಲ, ಜಗಳದ ಹೆಸರು.

ದ್ವೀಪಲ್ಲಿ ನಡವಗ ಕಾಲಡಿಲಿ ಬರೇ ಕಪ್ಪು ಕಲ್ಲು. ಮಣ್ಣು ಹೇಳಿ ಇಲ್ಲಲೇ ಇಲ್ಲೆ. ಮಳೆ ಬಂದರೆ ನೀರು ಕಲ್ಲಿನ ಸೆರೆಲಿ ಇಳುದು ಹೋವುತ್ತು, ತೋಡು ಇಲ್ಲೆ. ಬೆಶಿಲಿಂಗೆ ಕಲ್ಲು ಕಾದು ಮೋರೆಗೆ ಹೊಡೆತ್ತು. ಹೀಂಗಿಪ್ಪಲ್ಲಿ ಕಾಡು ಬೆಳದ್ದು ಹೇಂಗೆ? ಕಲ್ಲಿನ ಸೆರೆಲಿ ಪೊಹುಟುಕಾವ ಮರ ಬೇರು ಇಳುಶಿತ್ತು, ಅದರ ತರಗೆಲೆ ಬಿದ್ದು ಕೊಳದು ಗೊಬ್ಬರ ಆತು, ಆ ನೆರಳಿಲಿ ಬೇರೆ ಸೆಸಿಗೊ ಬಂತು. ಒಂದು ಜಾತಿ ಜರಿಗೆಡು ಬೆಶಿಲಿಂಗೆ ಚುರುಟಿ ಕೂದಿಕ್ಕು, ಮಳೆ ಹನುಕ್ಕಿದ ಕೂಡ್ಳೆ ಪುನಾ ಬಿಡುಸುತ್ತು. ಕಡಲ ಕರೆಲಿ ಕಾಂಡ್ಲದ ಗೆಡುಗೊ ಕೆಸರೇ ಇಲ್ಲದ್ದೆ ಕಲ್ಲಿನ ಮೇಲೆಯೇ ನಿಂದಿದು. ದಶಂಬ್ರ ತಿಂಗಳಿಲಿ ಪೊಹುಟುಕಾವ ಹೂಗು ಬಿಟ್ಟರೆ ಗುಡ್ಡೆಯೇ ಕೆಂಪು.

1854ರಲ್ಲಿ ಸರಕಾರ ಈ ಇಡೀ ದ್ವೀಪವ, ಸುಮಾರು 2300 ಹೆಕ್ಟೇರ್ ಜಾಗೆಯ, 15 ಪೌಂಡಿಂಗೆ ತೆಕ್ಕೊಂಡತ್ತು. ಈಗ ನಾವು ನಡವ ಮಾರ್ಗಂಗಳ 1925ರಿಂದ 1936ರ ವರೆಗೆ ಜೈಲಿನ ಕೈದಿಗಳ ಕೈಲಿ ಮಾಡುಸಿದ್ದು. ಅದೇ ಕಾಲಲ್ಲಿ ಪೇಟೆಯ ಸಾಮಾನ್ಯ ಜನಂಗೊ ಇಲ್ಲಿ ರಜೆಗೆ ಕೂಪ ಸಣ್ಣ ಮನೆಗಳ ಕಟ್ಟಿಗೊಂಡವು, ಅದಕ್ಕೆ 'ಬ್ಯಾಚ್' ಹೇಳುದು. ಸಿಕ್ಕಿದ ಹಲಗೆ, ತಗಡು, ಇದೇ ಕಪ್ಪು ಕಲ್ಲು. ಕರೆಂಟಿಲ್ಲೆ, ಮಾಡಿನ ನೀರು ಟೇಂಕಿಲಿ ತುಂಬುಸಿ ಮಡುಗುದು. 1937ರಲ್ಲಿ ಹೊಸತ್ತು ಕಟ್ಟುಲಾಗ ಹೇಳಿ ಆತು. ಇದ್ದವರ ಕಾಲ ಮುಗುದ ಹಾಂಗೆ ಮನೆಗಳ ಕೆಡಗಿದವು. 140ರಷ್ಟು ಇತ್ತಿದ್ದದು ಈಗ 30ರ ಆಸುಪಾಸಿಲಿ ಒಳುದ್ದು. ಒಳುದ್ದರ ಈಗ 'ಪರಂಪರೆ' ಹೇಳಿ ಜೋಪಾನ ಮಾಡ್ತವು! ಸರಕಾರ ಹೇಳಿರೆ ಯಾವ ದೇಶಲ್ಲಿಯೂ ಒಂದೇ.

ಈಗ ಎಲಿಗಳ ವಿಷಯಕ್ಕೆ ಬಪ್ಪ.

ಈ ದೇಶಲ್ಲಿ ಮನುಷ್ಯರು ಬಪ್ಪ ಮದಲು ನೆಲದ ಮೇಲೆ ಇತ್ತಿದ್ದ ಸಸ್ತನಿ ಹೇಳಿರೆ ಬಾವಲಿ ಮಾಂತ್ರ. ಹಾಂಗಾಗಿ ಇಲ್ಲಿಯ ಹಕ್ಕಿಗೊಕ್ಕೆ ನೆಲಲ್ಲಿ ಬಪ್ಪ ವೈರಿಯ ಪರಿಚಯವೇ ಇಲ್ಲೆ. ಮಾವೋರಿಗಳ ದೋಣಿಲಿ ಒಂದು ಜಾತಿ ಎಲಿ ಬಂತು, ಯುರೋಪಿನವರ ಹಡಗಿಲಿ ಮತ್ತೆರಡು ಜಾತಿ. ಚರ್ಮದ ವ್ಯಾಪಾರಕ್ಕೆ ಆಸ್ಟ್ರೇಲಿಯಂದ ಪಾಸಮ್ ತಂದವು. ಗವರ್ನರ್ ಜಾರ್ಜ್ ಗ್ರೇ ಹೇಳ್ತವ° 1862ರಲ್ಲಿ ಕವಾವು ದ್ವೀಪವ ತೆಕ್ಕೊಂಡು, ಚೆಂದಕ್ಕೆ ಹೇಳಿ ವಾಲಬಿ, ಜೀಬ್ರಾ ಎಲ್ಲ ಬರುಸಿದ°. ಮೊಲ ತಂದವು, ಮೊಲ ಹೆಚ್ಚಾತು ಹೇಳಿ 1880ರ ದಶಕಲ್ಲಿ ಮುಂಗುಲಿಯ ಹಾಂಗಿಪ್ಪ ಸ್ಟೋಟ್ ತಂದವು. ಅದು ಮೊಲವ ಬಿಟ್ಟು ಹಕ್ಕಿಗಳ ಹಿಡುದತ್ತು.

ಎಲಿ ಹಕ್ಕಿಯ ಮುಗುಶುಗು ಹೇಳಿ ಇಲ್ಲಿಯ ತಿಳುದವು ಸುಮಾರು ಜನ ನಂಬಿತ್ತಿದ್ದವಿಲ್ಲೆ. ನಂಬುಸಿದ್ದು 1964. ದಕ್ಷಿಣದ ಕೊಡಿಲಿಪ್ಪ ಬಿಗ್ ಸೌತ್ ಕೇಪ್ ದ್ವೀಪಕ್ಕೆ ಮೀನು ಹಿಡಿವ ದೋಣಿಗಳಿಂದ ಎಲಿ ಇಳುದತ್ತು. ರಜ ಸಮಯಲ್ಲೇ ಕಾಡು ಮೌನ ಆತು. ಬೆನ್ನಿಲಿ ಕೆಂಪು ಜೀನು ಹಾಕಿದ ಹಾಂಗಿಪ್ಪ ಟೀಯೆಕೆ ಹಕ್ಕಿಯ ದಕ್ಷಿಣದ ಜಾತಿ ಇಡೀ ಲೋಕಲ್ಲಿ ಅಲ್ಲಿ ಮಾಂತ್ರ ಒಳುದಿತ್ತು. 36 ಹಕ್ಕಿಗಳ ಹಿಡುದು ಬೇರೆ ದ್ವೀಪಕ್ಕೆ ಸಾಗುಸಿದವು, ಹಾಂಗಾಗಿ ಅದು ಒಳುದತ್ತು. ಒಂದು ಉಲ್ಲಂಕಿ, ಒಂದು ಸಣ್ಣ ರೆನ್ ಹಕ್ಕಿ, ಒಂದು ಜಾತಿ ಬಾವಲಿ, ಮೂರುದೇ ಲೋಕಂದಲೇ ಹೋತು.

ರಂಗಿಟೋಟೋಲ್ಲಿ ಪಾಸಮ್ಮುದೇ ವಾಲಬಿದೇ ಸೇರಿ ಪೊಹುಟುಕಾವವ ತಿಂದು ಮರಂಗೊ ಒಣಗುಲೆ ಸುರು ಆಗಿತ್ತು. 1990ರಿಂದ ಸುರು ಮಾಡಿ ವಿಷ ಹಾಕಿ ಅವೆರಡರ ತೆಗದವು. 2009ರ ಚಳಿಗಾಲಲ್ಲಿ ಹೆಲಿಕಾಪ್ಟರಿಲಿ ಎರಡೂ ದ್ವೀಪದ ಮೇಲೆ ಮದ್ದು ಚೆಲ್ಲಿದವು: ಎಲಿ, ಚುಂಡೆಲಿ, ಸ್ಟೋಟ್, ಕಾಡುಪುಚ್ಚೆ, ಮುಳ್ಳೆಲಿ, ಮೊಲ, ಯಾವದೂ ಒಳಿವಲಾಗ ಹೇಳಿ. ನೆತ್ತರು ಹೆಪ್ಪುಗಟ್ಟದ್ದ ಹಾಂಗೆ ಮಾಡ್ತ ಮದ್ದು ಅದು. ಅದರ ತಿಂದ ಎಲಿಯ ತಿಂದರೆ ಹಕ್ಕಿಯೂ ಸಾಯ್ತು.

ಇದರ ಓದಿದ ದಿನ ಎನಗೆ ಅಶನ ಮೆಚ್ಚಿದ್ದಿಲ್ಲೆ. ತತ್ತಿ ಸಾನ ಮನೆಯೊಳ ತಾರದ್ದವು ನಾವು. ಒಂದು ಹಕ್ಕಿಗೆ ಬೇಕಾಗಿ ಸಾವಿರಗಟ್ಲೆ ಜೀವ ತೆಗವದು ಯಾವ ನ್ಯಾಯ? ಕಳುದೊರಿಶ ಮಾವ° ಬಂದಿಪ್ಪಗ ಈ ಮಾತು ಬಂತು. ಅವು ಎಲೆ ತಿಂದೊಂಡು ಹೇಳಿದವು, "ನಮ್ಮ ತೆಂಗಿನ ಮರಕ್ಕೆ ತಗಡು ಸುತ್ತುದು ಎಂತಕೆ? ಅಟ್ಟಲ್ಲಿ ಎಲಿಪಾಷಾಣ ಮಡುಗುದು ಆರು? ಚೌತಿ ದಿನ ಗೆಣಪ್ಪಣ್ಣನ ಕಾಲಬುಡಲ್ಲಿಪ್ಪ ಎಲಿಗೆ ಕೈ ಮುಗಿತ್ತು, ಮರದಿನ ಬೋನು ಮಡುಗುತ್ತು. ನಾವು ಬೊಂಡಕ್ಕೆ ಬೇಕಾಗಿ ಕೊಲ್ಲುದು ಮಗಳೇ, ಇವು ಹಕ್ಕಿಗೆ ಬೇಕಾಗಿ." ಎನಗೆ ಉತ್ತರ ಬಯಿಂದಿಲ್ಲೆ. ಸಮಾಧಾನವೂ ಪೂರ್ತಿ ಆಯಿದಿಲ್ಲೆ. ತಪ್ಪು ಎಲಿಯದ್ದಲ್ಲನ್ನೆ, ತಂದವರದ್ದು.

2011ರಲ್ಲಿ ಎರಡೂ ದ್ವೀಪಂಗಳ ಕಂಟಕಮುಕ್ತ ಹೇಳಿ ಸಾರಿದವು. ಅದೇ ವರ್ಷ ಮೋಟುಟಾಪುಲ್ಲಿ ಟೀಯೆಕೆಯನ್ನೂ ಟಾಕಹೆಯನ್ನೂ ತಂದು ಬಿಟ್ಟವು. ಟಾಕಹೆ ಹೇಳಿರೆ ನಮ್ಮ ಕೆರೆಕರೆಯ ನೀಲಿ ಜಂಬುಕೋಳಿಯ ದಾಯಾದಿ, ದಪ್ಪ ಜೀವ, ಹಾರುಲೆ ಎಡಿಯ. ಮುಗುದತ್ತು ಹೇಳಿ ಎಲ್ಲೋರು ಕೈಬಿಟ್ಟ ಹಕ್ಕಿಯ 1948ರಲ್ಲಿ ಜೆಫ್ರಿ ಆರ್ಬೆಲ್ ಹೇಳ್ತ ಡಾಕ್ಟ್ರು ಗುಡ್ಡೆ ಹತ್ತಿ ಹುಡ್ಕಿ ತೆಗದ್ದು.

ನಿಂಗೊ ಆರಾರು ಇತ್ಲಾಗಿ ಬಂದರೆ ಕರಕ್ಕೊಂಡು ಹೋಪೆ. ಬುತ್ತಿಗೆ ಚಿತ್ರಾನ್ನ ಸಾಕು, ಅಲ್ಲಿ ಅಂಗಡಿ ಇಲ್ಲೆ. ನೀರೂ ಇಲ್ಲಿಂದಲೇ ತೆಕ್ಕೊಂಡು ಹೋಯೆಕ್ಕು. ಡಬ್ಬಿಯ ಮುಚ್ಚಲು ಗಟ್ಟಿ ಇರಳಿ. ದೋಣಿ ಹತ್ತುವ ಮದಲು ಜೋಡಿನ ಅಡಿ ಉಜ್ಜೆಕ್ಕು, ಚೀಲ ಬಿಡುಸಿ ಎಲಿ, ಎರುಗು, ಬಿತ್ತು ಎಂತಾರು ಇದ್ದಾ ಹೇಳಿ ನೋಡೆಕ್ಕು. ಎಲ್ಲಿಯಾರು ಎಲಿಯ ಗುರ್ತ ಕಂಡತ್ತು ಹೇಳಿ ಆದರೆ ಅದರ ವಾಸನೆ ಹಿಡಿವಲೆ ಕಲುಶಿದ ನಾಯಿಗಳ ಕರಕ್ಕೊಂಡು ಹೋಗಿ ಕಲ್ಲಿನ ಸೆರೆ ಸೆರೆ ಹುಡ್ಕುತ್ತವು.