ಗಾಂಜಾ ಕಾನೂನುಬದ್ಧತೆಯ ಚರ್ಚೆ: ಕೊಳ್ಳೇಗಾಲ, ಹನೂರು, ಯಳಂದೂರು

ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಮಾದಕ ವಸ್ತುಗಳ ಮಾತು ಬಹುಪಾಲು ಗಾಂಜಾದ ಮಾತು. ಹಳಬರ ಬಾಯಲ್ಲಿ ಅದು ಬಂಗಿ ಸೊಪ್ಪು. ಸೇದುವವರಿಗೆ ಬರೀ ಸೊಪ್ಪು.

ನಿಷೇಧಿಸಬೇಕೇ ಎಂಬ ಪ್ರಶ್ನೆಯನ್ನು ಬ್ರಿಟಿಷ್ ಸರ್ಕಾರ 1893ರಲ್ಲೇ ಒಂದು ಆಯೋಗದ ಮುಂದಿಟ್ಟಿತ್ತು. ಅದು 1,193 ಸಾಕ್ಷಿಗಳನ್ನು ಕೇಳಿ, ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಕೇಡಿಲ್ಲ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯ ಹಿಡಿತ ಸಾಕು ಎಂದಿತು. ಅಬಕಾರಿ ಆದಾಯವೂ ಉಳಿಯಿತೆನ್ನಿ.

ಈ ಸೀಮೆಯಲ್ಲಿ ಮುಂದೆ ಕಾನೂನು ಗಡಿಗೊಂದರಂತಾಯಿತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ, ಅದರೊಳಗೇ ಇದ್ದ ಹನೂರು ಸಮೇತ, ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದ ಯಳಂದೂರು ಮೈಸೂರಿನದು. ಮದ್ರಾಸಿನ 1937ರ ಪಾನನಿರೋಧ ಕಾಯ್ದೆ ಹೆಂಡದ ಜೊತೆಗೆ ಗಾಂಜಾವನ್ನೂ ಹಿಡಿದಿತ್ತು. ಸೇಲಂನಲ್ಲಿ ಶುರುವಾದ ಅದು 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಯಳಂದೂರಿಗೆ ಮೈಸೂರಿನ ಅಬಕಾರಿ ನಿಯಮ.

ಇಡೀ ದೇಶಕ್ಕೆ ಒಂದೇ ಕಾನೂನು ತಂದದ್ದು 1985ರ ಮಾದಕ ವಸ್ತು ಕಾಯ್ದೆ, ಎನ್‌ಡಿಪಿಎಸ್. ಅದರ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ; ಅದರ ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಎಲೆಯಿಂದ ಮಾಡುವ ಭಂಗಿ ಉಳಿದುಕೊಂಡದ್ದು ಹೀಗೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ 29 ಕಿಲೋ ಭಂಗಿ ಸಿಕ್ಕಿದ್ದ ಆರೋಪಿಗೆ ಜಾಮೀನು ಕೊಟ್ಟಾಗಲೂ ಇದೇ ವ್ಯಾಖ್ಯೆ ನೆರವಿಗೆ ಬಂತು.

ಹನೂರು, ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡಂಚಿನ ಹೊಲಗಳಲ್ಲಿ ಗಾಂಜಾ ಸಿಕ್ಕುವುದು ಸಾಮಾನ್ಯವಾಗಿ ಮುಸುಕಿನ ಜೋಳದಂಥ ಎತ್ತರದ ಬೆಳೆಯ ಸಾಲುಗಳ ನಡುವೆ. ಹೊರಗೆ ನಿಂತು ನೋಡಿದರೆ ಜೋಳವೇ ಕಾಣುತ್ತದೆ. ಇಟ್ಟುಕೊಂಡವನಿಗೆ 2001ರ ತಿದ್ದುಪಡಿಯಿಂದ ಒಂದು ಸೌಕರ್ಯ ಸಿಕ್ಕಿತು: ಒಂದು ಕಿಲೋವರೆಗೆ ಸಣ್ಣ ಪ್ರಮಾಣ, ಈಗ ಅದಕ್ಕೆ ಹೆಚ್ಚೆಂದರೆ ಒಂದು ವರ್ಷ ಶಿಕ್ಷೆ. ಬೆಳೆದವನಿಗೆ ಅಂಥ ಮೆಟ್ಟಿಲಿಲ್ಲ. ನಾಲ್ಕು ಗಿಡವಿರಲಿ, ನಾನೂರಿರಲಿ, ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಪೇಟೆಯ ಗಿರಾಕಿಗಿಂತ ಬೆಟ್ಟದ ರೈತನ ಮೇಲೆ ಭಾರ ಹೆಚ್ಚು ಬಿದ್ದಿರುವುದು ಇಲ್ಲೇ.

ಕಾನೂನು ಸಡಿಲಿಸಬೇಕೆಂಬ ದನಿಗಳು ಮಾತ್ರ ದೂರದವು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ 27–25 ಮತಗಳಿಂದ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆದಾಗ ಭಾರತ ಪರವಾಗಿ ಮತ ಹಾಕಿತ್ತು. ಉತ್ತರಾಖಂಡ ಗಾಂಜಾದ್ದೇ ಜಾತಿಯ ನಾರಿನ ಸೆಣಬಿಗೆ ಪರವಾನಗಿ ಕೊಟ್ಟಿದೆ. ವಿರೋಧಿಗಳದು ಹುಡುಗರ ಚಿಂತೆ: ಎಳೆ ವಯಸ್ಸಿನ ಚಟ, ಮನೋರೋಗದ ಅಪಾಯ. ಇದನ್ನು ಅಂಜುಬುರುಕರ ಮಾತೆಂದು ತಳ್ಳಿಹಾಕುವಂತಿಲ್ಲ.

ನ್ಯಾಯಾಲಯದಲ್ಲಿ ಜಗಳ ಇನ್ನೂ ಸಣ್ಣದಕ್ಕೆ ಇಳಿಯುತ್ತದೆ. ಪೊಲೀಸರು ಗಿಡವನ್ನು ಬೇರು ಸಮೇತ ಕಿತ್ತು ತೂಗುತ್ತಾರೆ. ಬೇರು, ಕಾಂಡ, ಎಲೆ ಕಳೆದು ಬರೀ ಹೂವನ್ನು ತೂಗಿದರೆ ಎಷ್ಟಾದೀತು ಎಂದು ವಕೀಲರು ಕಾಯ್ದೆಯ ವ್ಯಾಖ್ಯೆ ಹಿಡಿದು ಕೇಳುತ್ತಾರೆ.